ಹದಿಹರೆಯದ ಓದುಗರ ಕೈಗೆ ಕೊಡಬಹುದಾದ ಸಾಹಸ ಕಾದಂಬರಿಗಳು

ಹನ್ನೆರಡರಿಂದ ಹದಿನಾರರ ವಯಸ್ಸಿನ ಓದುಗರಿಗೆಂದು ಇಂಗ್ಲಿಷಿನಲ್ಲಿ ಬರುತ್ತಿರುವ ಫ್ಯಾಂಟಸಿ ಮತ್ತು ವೈಜ್ಞಾನಿಕ ಸಾಹಸ ಕಾದಂಬರಿಗಳು ಇಂದು ನಮ್ಮ ಯಾವುದೇ ದೊಡ್ಡ ಪುಸ್ತಕದ ಅಂಗಡಿಯಲ್ಲಿ ಒಂದಿಡೀ ಗೋಡೆಯನ್ನು ತುಂಬಿಕೊಂಡಿರುತ್ತವೆ. ಒಂದೊಂದು ಮಾಲಿಕೆಗೂ ನಾಲ್ಕೈದು ಸಂಪುಟ, ಬೆನ್ನಿನ ಮೇಲೆ ಹೊಳೆಯುವ ಅಕ್ಷರ, ಹಿಂಬದಿಯ ರಟ್ಟಿನ ಮೇಲೆ ಹೆಚ್ಚುಕಡಿಮೆ ಒಂದೇ ಕಥೆಯ ಸಾರಾಂಶ: ಭವಿಷ್ಯವಾಣಿ ಆರಿಸಿಕೊಂಡ ಒಬ್ಬ ಹುಡುಗ ಅಥವಾ ಹುಡುಗಿ, ಲೋಕವನ್ನು ನುಂಗಲು ಹೊರಟ ಒಬ್ಬ ದುಷ್ಟ, ನಡುವೆ ಒಂದು ಕತ್ತಿಯೋ ಉಂಗುರವೋ. ಮಕ್ಕಳು ಬೆರಳು ತೋರಿಸಿದ್ದನ್ನು ತೆಗೆದುಕೊಟ್ಟು ಬಿಲ್ ಮಾಡಿಸುವವರಿಗೆ ಈ ಬರಹದ ಅಗತ್ಯವಿಲ್ಲ. ಆದರೆ ಕೊಟ್ಟ ಪುಸ್ತಕ ಮಗುವಿನ ಮನಸ್ಸಿನಲ್ಲಿ ಒಂದಷ್ಟು ಕಾಲ ನಿಲ್ಲಲಿ ಎಂದು ಬಯಸುವ ತಂದೆತಾಯಿ, ಶಾಲೆಯ ಗ್ರಂಥಾಲಯಕ್ಕೆ ವರ್ಷಕ್ಕೊಮ್ಮೆ ಪಟ್ಟಿ ಕೊಡಬೇಕಾದ ಶಿಕ್ಷಕರು ಮತ್ತು ತಾವೇ ಆರಿಸಿಕೊಳ್ಳಲು ಹೊರಟ ಎಳೆಯ ಓದುಗರು ಯಾವುದನ್ನು ಮೊದಲು ತೆಗೆದುಕೊಳ್ಳಬಹುದು ಎಂಬುದನ್ನು ಇಲ್ಲಿ ಕಾರಣಸಹಿತವಾಗಿ ಹೇಳಲು ಪ್ರಯತ್ನಿಸಿದ್ದೇನೆ.

ನನ್ನ ಅಳತೆಗೋಲು ಒಂದೇ. ಕಾದಂಬರಿಕಾರ ಕಟ್ಟಿದ ಲೋಕಕ್ಕೆ ಒಂದು ಕಟ್ಟಳೆ ಇದೆಯೇ, ಇದ್ದರೆ ಅದು ಕಥಾನಾಯಕನಿಗೂ ಅನ್ವಯಿಸುತ್ತದೆಯೇ, ಅದನ್ನು ಮೀರಿದಾಗ ಬೆಲೆ ತೆರುವವರು ಯಾರು? ಮಹಾಭಾರತವನ್ನು ಕೇಳುತ್ತಾ ಬೆಳೆದ ನಮಗೆ ಇದು ಹೊಸ ಪ್ರಶ್ನೆಯೇನಲ್ಲ. ಅಶ್ವತ್ಥಾಮನಿಗೆ ಬ್ರಹ್ಮಾಸ್ತ್ರವನ್ನು ಬಿಡುವುದು ಗೊತ್ತಿತ್ತು, ಹಿಂತೆಗೆದುಕೊಳ್ಳುವುದು ಗೊತ್ತಿರಲಿಲ್ಲ. ಆ ಒಂದು ಕೊರತೆಯ ಮೇಲೆ ಸೌಪ್ತಿಕ ಪರ್ವದ ಕೊನೆಯೇ ನಿಂತಿದೆ. ಬೇಕೆಂದಾಗ ಬೇಕಾದಷ್ಟು ಶಕ್ತಿ ಒದಗಿಬರುವ, ಗಾಯ ಪುಟ ತಿರುವುವಷ್ಟರಲ್ಲಿ ಮಾಯುವ ಸಾಹಸಗಳು ಓದುವಾಗ ಸಲೀಸಾಗಿ ಸಾಗುತ್ತವೆ, ಮುಗಿದ ಮಾರನೆಯ ದಿನ ಅವುಗಳಲ್ಲಿ ಏನೂ ಉಳಿದಿರುವುದಿಲ್ಲ. ಈ ಅಳತೆಗೆ ಹಾಕಿ ನೋಡಿದಾಗ ನನ್ನ ಕಪಾಟಿನಲ್ಲಿ ಗಟ್ಟಿಯಾಗಿ ನಿಂತವು ನಾಲ್ಕು ಇಂಗ್ಲಿಷ್ ಕಾದಂಬರಿಗಳು ಮತ್ತು ಒಂದು ಕನ್ನಡ ಕಾದಂಬರಿ.

ಮೊದಲನೆಯದು ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ'. ಅಮೆರಿಕದ ಬರ್ಕ್ಲಿಯ ಒಂದು ಸಣ್ಣ ಪ್ರಕಾಶನ ಸಂಸ್ಥೆಯವರು ಸ್ವಲ್ಪ ದೊಡ್ಡ ಮಕ್ಕಳಿಗಾಗಿ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ಹುಟ್ಟಿದ ಈ ಪುಸ್ತಕ 1968ರಲ್ಲಿ ಪ್ರಕಟವಾಯಿತು. ಮಾಂತ್ರಿಕರ ಶಾಲೆ, ಅಲ್ಲಿ ಕಲಿಯಲು ಬರುವ ಬಡ ಹುಡುಗ, ಅವನನ್ನು ಹಂಗಿಸುವ ಶ್ರೀಮಂತ ಸಹಪಾಠಿ ಎಂದೊಡನೆ ಇಂದಿನ ಮಕ್ಕಳಿಗೆ 1997ರಲ್ಲಿ ಶುರುವಾದ ಮತ್ತೊಂದು ಮಾಲಿಕೆ ನೆನಪಾಗುವುದು ಸಹಜ. ಅದಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲೇ, ಇನ್ನೂರು ಚಿಲ್ಲರೆ ಪುಟಗಳ ಒಂದೇ ಕಾದಂಬರಿಯಲ್ಲಿ ಲೆ ಗ್ವಿನ್ ಆ ಶಾಲೆಯನ್ನು ಕಟ್ಟಿ, ಹುಡುಗನನ್ನು ಅಲ್ಲಿಂದ ಹೊರಗೆ ಕಳಿಸಿ, ಅವನ ಸಾಹಸವನ್ನು ಮುಗಿಸಿಯೂ ಆಗಿತ್ತು.

ಅರ್ಥ್‌ಸೀ ನೂರಾರು ದ್ವೀಪಗಳ ಲೋಕ. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಕಮ್ಮಾರನ ಮಗನಾಗಿ ಹುಟ್ಟಿದ, ತಾಯಿಯಿಲ್ಲದ ಹುಡುಗ ಮೇಕೆ ಕಾಯುತ್ತಾ ಬೆಳೆಯುತ್ತಾನೆ. ಗುಡಿಸಲಿನ ಹುಲ್ಲು ಚಾವಣಿಯ ಮೇಲೆ ಹತ್ತಿ ನಿಂತ ಮೇಕೆಯನ್ನು ಅವನ ದೊಡ್ಡಮ್ಮ ಯಾವುದೋ ಒಂದು ಪದ್ಯ ಹೇಳಿ ಕೆಳಗಿಳಿಸುವುದನ್ನು ಅವನು ಕೇಳಿಸಿಕೊಳ್ಳುತ್ತಾನೆ. ಮರುದಿನ ಹುಲ್ಲುಗಾವಲಿನಲ್ಲಿ ಅರ್ಥ ಗೊತ್ತಿಲ್ಲದೆಯೇ ಅದನ್ನು ಗಟ್ಟಿಯಾಗಿ ಕೂಗುತ್ತಾನೆ. ಮೇಕೆಗಳೆಲ್ಲ ಸದ್ದಿಲ್ಲದೆ ಬಂದು ಅವನನ್ನೇ ನೋಡುತ್ತಾ ನಿಲ್ಲುತ್ತವೆ. ಹುಡುಗ ನಕ್ಕು ಮತ್ತೊಮ್ಮೆ ಕೂಗುತ್ತಾನೆ. ಅವು ಇನ್ನಷ್ಟು ಹತ್ತಿರ ಬಂದು ಒತ್ತತೊಡಗುತ್ತವೆ. ಅವುಗಳ ದಪ್ಪ ಕೊಂಬು, ವಿಚಿತ್ರ ಕಣ್ಣು, ಆ ಮೌನ ಕಂಡು ಅವನಿಗೆ ಭಯವಾಗುತ್ತದೆ, ಓಡಲು ನೋಡುತ್ತಾನೆ. ಇಡೀ ಹಿಂಡು ಅವನನ್ನು ನಡುವೆ ಸಿಕ್ಕಿಸಿಕೊಂಡು ಒಂದೇ ಹಗ್ಗದಲ್ಲಿ ಬಿಗಿದಂತೆ ಊರಿನವರೆಗೂ ಇಳಿದುಬರುತ್ತದೆ. ಕಾದಂಬರಿಯ ಮೊದಲ ಕೆಲವು ಪುಟಗಳಲ್ಲೇ ಬರುವ ಈ ಪ್ರಸಂಗದಲ್ಲಿ ಮುಂದಿನ ಕಥೆಯೆಲ್ಲ ಅಡಗಿದೆ: ಮಾತಿಗೆ ಶಕ್ತಿ ಇದೆ, ಕರೆದದ್ದು ಬರುತ್ತದೆ, ಬಂದದ್ದನ್ನು ಕಳುಹಿಸುವ ವಿದ್ಯೆ ಬೇರೆಯೇ ಇದೆ.

ಈ ಹುಡುಗ ಗೆಡ್. ಅವನಿಗೆ ಓಗಿಯನ್ ಎಂಬ ಮಿತಭಾಷಿ ಗುರು ಸಿಗುತ್ತಾನೆ. ಮಳೆ ಬಂದರೆ ಅದನ್ನು ಮಂತ್ರದಿಂದ ಅತ್ತ ತಳ್ಳದೆ ಮರದಡಿ ನೆನೆಯುತ್ತಾ ಮಲಗುವ ಆ ಗುರುವಿನ ಸಹನೆ ಹುಡುಗನಿಗೆ ಹಿಡಿಸುವುದಿಲ್ಲ. ಬೇಗ ಕಲಿಯಬೇಕೆಂಬ ಆತುರದಲ್ಲಿ ರೋಕ್ ದ್ವೀಪದ ಶಾಲೆಗೆ ಹೊರಡುತ್ತಾನೆ. ಅಲ್ಲಿ ಗುರುವೊಬ್ಬ ಬೆಣಚುಕಲ್ಲೊಂದನ್ನು ವಜ್ರದಂತೆ ಕಾಣಿಸಿ ತೋರಿಸುತ್ತಾನೆ. ಇದು ಕಣ್ಕಟ್ಟು ತಾನೇ, ನಿಜವಾಗಿಯೂ ವಜ್ರವಾಗಿಸುವುದು ಹೇಗೆ ಎಂದು ಗೆಡ್ ಕೇಳಿದಾಗ ಗುರು ಕೊಡುವ ಉತ್ತರದಲ್ಲಿ ಆ ಲೋಕದ ಕಟ್ಟಳೆ ಇದೆ. ಒಂದು ಕಲ್ಲನ್ನು ಅದರ ಹೆಸರಿನಿಂದ ಬಿಡಿಸಿ ಬೇರೊಂದಾಗಿಸಿದರೆ ಜಗತ್ತೇ ಅಷ್ಟರಮಟ್ಟಿಗೆ ಬದಲಾಗುತ್ತದೆ, ಅದರ ಪರಿಣಾಮ ಎಲ್ಲಿ ಹೋಗಿ ನಿಲ್ಲುತ್ತದೆಂದು ತಿಳಿಯುವವರೆಗೂ ಮರಳಿನ ಒಂದು ಕಣವನ್ನೂ ಬದಲಿಸಬಾರದು. ಹುಡುಗನಿಗೆ ಈ ಮಾತು ಕಿವಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಜ್ಯಾಸ್ಪರ್ ಎಂಬ ಸಹಪಾಠಿಯ ಮುಂದೆ ತನ್ನ ಹೆಚ್ಚುಗಾರಿಕೆ ತೋರಿಸಲು ಸತ್ತವರ ಲೋಕದಿಂದ ಒಂದು ಚೇತನವನ್ನು ಕರೆಯುತ್ತಾನೆ. ಅದರ ಹಿಂದೆಯೇ ಹೆಸರಿಲ್ಲದ ಒಂದು ಕರಿನೆರಳು ನುಗ್ಗಿ ಅವನ ಮುಖವನ್ನು ಹರಿದುಹಾಕುತ್ತದೆ. ಆ ಬಿರುಕನ್ನು ಮುಚ್ಚುವುದಕ್ಕಾಗಿ ಶಾಲೆಯ ಹಿರಿಯ ಗುರು ತನ್ನ ಪ್ರಾಣವನ್ನೇ ಕೊಡುತ್ತಾನೆ.

ಬೇರೆ ಕಾದಂಬರಿಗಳಲ್ಲಿ ಇಂಥ ಪ್ರಸಂಗ ಕೊನೆಯ ಅಧ್ಯಾಯದ ಯುದ್ಧಕ್ಕೆ ಪೀಠಿಕೆಯಾಗುತ್ತಿತ್ತು. ಇಲ್ಲಿ ಇದು ನಾಲ್ಕನೆಯ ಅಧ್ಯಾಯಕ್ಕೇ ಮುಗಿದು, ಉಳಿದ ಆರು ಅಧ್ಯಾಯಗಳು ಈ ಒಂದು ಸಂಜೆಯ ಸಾಲವನ್ನು ತೀರಿಸುವುದರಲ್ಲಿ ಕಳೆಯುತ್ತವೆ. ಮುಖದ ಮೇಲಿನ ಗಾಯದ ಗುರುತು ಹೋಗುವುದಿಲ್ಲ. ಮೊದಲು ಸರಾಗವಾಗಿ ಬರುತ್ತಿದ್ದ ವಿದ್ಯೆಯನ್ನು ಅವನು ತೊದಲುತ್ತಾ ಮತ್ತೆ ಕಲಿಯಬೇಕಾಗುತ್ತದೆ. ಪೆಂಡರ್ ದ್ವೀಪದ ಮುದಿ ಡ್ರ್ಯಾಗನ್ನಿನ ಎದುರು ದೋಣಿಯಲ್ಲಿ ಒಬ್ಬನೇ ನಿಂತ ಗೆಡ್‌ನಿಗೆ ಅದು ಒಂದು ಆಮಿಷ ಒಡ್ಡುತ್ತದೆ: ನಿನ್ನನ್ನು ಬೆನ್ನಟ್ಟುತ್ತಿರುವ ನೆರಳಿನ ಹೆಸರನ್ನು ನಾನು ಹೇಳಬಲ್ಲೆ. ನಿಜವಾದ ಹೆಸರು ಗೊತ್ತಾದರೆ ಅದರ ಮೇಲೆ ಹಿಡಿತ ಸಿಗುವ ಲೋಕ ಅದು. ಒಪ್ಪಿದರೆ ಅವನೊಬ್ಬ ಪಾರಾಗುತ್ತಾನೆ, ತನ್ನನ್ನು ನಂಬಿದ ದ್ವೀಪದ ಬಡ ಬೆಸ್ತರು ಡ್ರ್ಯಾಗನ್ನುಗಳ ಪಾಲಾಗುತ್ತಾರೆ. ಹದಿನಾಲ್ಕರ ಓದುಗನೊಬ್ಬ ಈ ಪುಟದಲ್ಲಿ ಪುಸ್ತಕವನ್ನು ಮಡಚಿಟ್ಟು ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದರೆ ಅಷ್ಟಕ್ಕೇ ಪುಸ್ತಕದ ದುಡ್ಡು ಬಂದಂತೆ. ನೆರಳಿನಿಂದ ಓಡುತ್ತಿದ್ದವನು ಅದನ್ನೇ ಬೆನ್ನಟ್ಟತೊಡಗುವ ಕೊನೆಯ ಭಾಗವನ್ನು ಇಲ್ಲಿ ಹೇಳುವುದು ನ್ಯಾಯವಲ್ಲ.

ಇನ್ನೊಂದು ವಿಷಯವನ್ನು ಭಾರತೀಯ ಓದುಗರು ಗಮನಿಸಬೇಕು. ಗೆಡ್ ತಾಮ್ರದ ಮೈಬಣ್ಣದವನು, ಅವನ ಆಪ್ತ ಗೆಳೆಯ ವೆಚ್ ಕಪ್ಪು ಬಣ್ಣದವನು. ಆ ಲೋಕದಲ್ಲಿ ಬಿಳಿಯರಿರುವುದು ಪೂರ್ವದ ಕಾರ್ಗ್ ದ್ವೀಪಗಳಲ್ಲಿ, ಅಲ್ಲಿಂದ ಬರುವವರು ದಾಳಿಕೋರರು. ಲೆ ಗ್ವಿನ್ ಇದನ್ನು ಯೋಚಿಸಿಯೇ ಮಾಡಿದ್ದರು. ಆದರೂ ಬಹಳ ವರ್ಷಗಳ ಕಾಲ ಮುಖಪುಟದ ಚಿತ್ರಗಾರರು ಗೆಡ್‌ನನ್ನು ಬಿಳಿಯ ಹುಡುಗನನ್ನಾಗಿಯೇ ಬಿಡಿಸುತ್ತಿದ್ದರು, ಲೇಖಕಿ ಅದನ್ನು ಪ್ರತಿಭಟಿಸುತ್ತಲೇ ಇದ್ದರು. ಚಾರ್ಲ್ಸ್ ವೆಸ್ ಅವರ ಚಿತ್ರಗಳಿರುವ, ಎಲ್ಲ ಭಾಗಗಳನ್ನೂ ಒಟ್ಟುಗೂಡಿಸಿದ 2018ರ ದೊಡ್ಡ ಸಂಪುಟದಲ್ಲಿ ಇದು ಸರಿಯಾಗಿದೆ. ಆದರೆ ಅದು ಮಲಗಿಕೊಂಡು ಓದಲಾಗದಷ್ಟು ಭಾರದ ಪುಸ್ತಕ, ಬೆಲೆಯೂ ಹಾಗೆಯೇ. ಮಕ್ಕಳಿಗೆ ಬಿಡಿ ಪೇಪರ್‌ಬ್ಯಾಕ್ ಸಾಕು.

ಎರಡನೆಯ ಭಾಗ 'ದಿ ಟೂಂಬ್ಸ್ ಆಫ್ ಅಟ್ವಾನ್' 1971ರಲ್ಲಿ ಪುಸ್ತಕವಾಗಿ ಬಂತು. ಮನೆಯವರಿಂದ ಐದನೆಯ ವಯಸ್ಸಿನಲ್ಲಿ ಬೇರ್ಪಡಿಸಿ, ಹೆಸರನ್ನೂ ಕಸಿದುಕೊಂಡು, ಕತ್ತಲೆಯ ದೈವಗಳ ಅರ್ಚಕಿಯನ್ನಾಗಿ ಮಾಡಲಾದ ಟೆನಾರ್ ಎಂಬ ಹುಡುಗಿಯ ಕಥೆ ಇದು. ಮುಕ್ಕಾಲು ಪಾಲು ನಡೆಯುವುದು ನೆಲದಡಿಯ ಸುರಂಗಗಳಲ್ಲಿ. ದೀಪ ನಿಷಿದ್ಧವಾದ ಆ ಜಾಗದಲ್ಲಿ ಅವಳು ಗೋಡೆಯನ್ನು ಮುಟ್ಟಿ, ತಿರುವುಗಳನ್ನು ಎಣಿಸಿ ದಾರಿ ಕಂಡುಕೊಳ್ಳುತ್ತಾಳೆ. ಮೊದಲ ಭಾಗಕ್ಕಿಂತ ಇದೇ ಹೆಚ್ಚು ಗಟ್ಟಿಯಾದ ಕಾದಂಬರಿ ಎಂದು ನನ್ನ ಅಭಿಪ್ರಾಯ, ಆದರೆ ಮೊದಲನೆಯದನ್ನು ಓದದೆ ಇದಕ್ಕೆ ಬರಬಾರದು. 1972ರ ಮೂರನೆಯ ಭಾಗ ಸಾವಿನ ಕುರಿತಾದದ್ದು, ಸ್ವಲ್ಪ ನಿಧಾನ. 1990ರ ನಾಲ್ಕನೆಯದನ್ನು ದೊಡ್ಡವರಾದ ಮೇಲೆ ಓದಲಿ.

ವೈಜ್ಞಾನಿಕ ಕಲ್ಪನೆಯ ಕಡೆಗೆ ಬಂದರೆ ಲೋಯಿಸ್ ಲೌರಿ ಅವರ 'ದಿ ಗಿವರ್' ಮೊದಲು ನಿಲ್ಲುತ್ತದೆ. 1993ರಲ್ಲಿ ಪ್ರಕಟವಾಗಿ ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ಅತ್ಯುನ್ನತ ಗೌರವವಾದ ನ್ಯೂಬೆರಿ ಪದಕ ಪಡೆದ ಈ ಕಾದಂಬರಿಯಲ್ಲಿ ರಾಕೆಟ್ಟಿಲ್ಲ, ಯಂತ್ರಮಾನವನಿಲ್ಲ. ಇರುವುದು ಒಂದು ಅಚ್ಚುಕಟ್ಟಾದ ಊರು. ಅಲ್ಲಿ ಹಸಿವಿಲ್ಲ, ಜಗಳವಿಲ್ಲ. ಯಾರು ಯಾರನ್ನು ಮದುವೆಯಾಗಬೇಕು, ಯಾರಿಗೆ ಯಾವ ಕೆಲಸ ಎಂಬುದನ್ನೆಲ್ಲ ಹಿರಿಯರ ಸಮಿತಿ ನಿರ್ಧರಿಸುತ್ತದೆ. ಲೌರಿ ಈ ಊರನ್ನು ಕಟ್ಟುವ ಬಗೆ ಬಹಳ ಸೂಕ್ಷ್ಮವಾದದ್ದು. ಪುಟ್ಟ ಮಕ್ಕಳ ಅಂಗಿಗೆ ಗುಂಡಿ ಬೆನ್ನಿನ ಕಡೆ ಇರುತ್ತದೆ, ಏಕೆಂದರೆ ಒಬ್ಬರಿಗೊಬ್ಬರು ಹಾಕಿಕೊಟ್ಟು ಪರಸ್ಪರ ಅವಲಂಬನೆಯನ್ನು ಕಲಿಯಬೇಕು. ಏಳನೆಯ ವರ್ಷಕ್ಕೆ ಗುಂಡಿ ಮುಂದಕ್ಕೆ ಬರುತ್ತದೆ. ಒಂಬತ್ತನೆಯ ವರ್ಷಕ್ಕೆ ಎಲ್ಲರಿಗೂ ಒಂದೊಂದು ಸೈಕಲ್. ಇವನ್ನು ಓದುವಾಗ ಮಗುವಿಗೆ ಆ ಊರು ಇಷ್ಟವೇ ಆಗುತ್ತದೆ. ನಂತರ ಜೋನಸ್ ಎಂಬ ಹುಡುಗ ಗೆಳೆಯನೊಡನೆ ಸೇಬಿನ ಹಣ್ಣನ್ನು ಎಸೆದು ಹಿಡಿಯುತ್ತಿರುವಾಗ ಗಾಳಿಯಲ್ಲಿದ್ದ ಹಣ್ಣು ಕ್ಷಣಕಾಲ ಬದಲಾದಂತೆ ಕಾಣುತ್ತದೆ. ಅದರ ಆಕಾರ ಹಾಗೆಯೇ ಇದೆ, ಗಾತ್ರವೂ ಹಾಗೆಯೇ ಇದೆ, ಹಾಗಾದರೆ ಬದಲಾದದ್ದೇನು? ಓದುಗನಿಗೆ ಉತ್ತರ ಹೊಳೆಯುವುದು ಹಲವು ಅಧ್ಯಾಯಗಳ ನಂತರ, ಈ ಊರಿನವರಿಗೆ ಬಣ್ಣವೇ ಕಾಣುವುದಿಲ್ಲ ಎಂದು ತಿಳಿದಾಗ.

ಹನ್ನೆರಡು ತುಂಬಿದಾಗ ಜೋನಸ್‌ನಿಗೆ ದೊರೆಯುವ ಕೆಲಸ ವಿಚಿತ್ರವಾದದ್ದು. ಊರಿನವರೆಲ್ಲ ಬಿಟ್ಟುಕೊಟ್ಟ ಹಳೆಯ ಜಗತ್ತಿನ ನೆನಪುಗಳನ್ನು ಒಬ್ಬ ಮುದುಕ ಹೊತ್ತಿದ್ದಾನೆ, ಅವನಿಂದ ಅವುಗಳನ್ನು ಈ ಹುಡುಗ ಪಡೆದುಕೊಳ್ಳಬೇಕು. ಮೊದಲು ಬರುವುದು ಹಿಮದ ಇಳಿಜಾರಿನಲ್ಲಿ ಸ್ಲೆಡ್ಜ್ ಮೇಲೆ ಜಾರುವ ಸುಖ. ಆಮೇಲೆ ಅದೇ ಸ್ಲೆಡ್ಜ್ ಮಗುಚಿ ಕಾಲು ಮುರಿಯುವ ನೆನಪು, ಅದಕ್ಕೂ ಆಮೇಲೆ ರಣರಂಗ. ನೋವಿನ ಮಾತ್ರೆ ಕೇಳಿದರೆ ಅದು ಈ ಕೆಲಸದಲ್ಲಿರುವವರಿಗೆ ಇಲ್ಲ ಎಂಬ ಉತ್ತರ. ಇಡೀ ಊರು ಸುಖವಾಗಿರುವ ಬೆಲೆಯನ್ನು ಒಬ್ಬನ ಮೈ ತೆರುತ್ತಿದೆ, ಆ ಒಬ್ಬ ಹನ್ನೆರಡು ವರ್ಷದ ಹುಡುಗ. ವೃದ್ಧಾಶ್ರಮದಲ್ಲಿದ್ದ ತಮ್ಮ ತಂದೆಗೆ ಹಿರಿಯ ಮಗಳು ತೀರಿಕೊಂಡದ್ದೇ ಮರೆತುಹೋಗಿತ್ತು, ನೋವನ್ನು ಹೀಗೆ ಮರೆತು ಬದುಕುವುದು ಹಿತವೇ ಎಂಬ ಯೋಚನೆ ಈ ಕಾದಂಬರಿಗೆ ಮೂಲಗಳಲ್ಲೊಂದು ಎಂದು ಲೌರಿ ತಮ್ಮ ಪ್ರಶಸ್ತಿ ಭಾಷಣದಲ್ಲಿ ಹೇಳಿಕೊಂಡಿದ್ದಾರೆ.

ಎರಡು ಎಚ್ಚರಿಕೆಯ ಮಾತುಗಳಿವೆ. ಕಾದಂಬರಿಯ ಮುಕ್ಕಾಲು ಭಾಗ ದಾಟಿದ ಮೇಲೆ ಒಂದು ಕೂಸಿಗೆ ಸಂಬಂಧಿಸಿದ ಪುಟವೊಂದಿದೆ. ಅದನ್ನು ಓದುವ ಮಗು ಬೆಚ್ಚುತ್ತದೆ, ಬೆಚ್ಚಬೇಕೆಂದೇ ಬರೆದದ್ದು. ಅಮೆರಿಕದ ಕೆಲವು ಶಾಲೆಗಳಲ್ಲಿ ಈ ಪುಸ್ತಕವನ್ನು ತೆಗೆಯಬೇಕೆಂದು ಪೋಷಕರು ಮತ್ತೆ ಮತ್ತೆ ಒತ್ತಾಯಿಸಿದ್ದುಂಟು. ಹನ್ನೆರಡಕ್ಕಿಂತ ಕೆಳಗಿನವರಿಗೆ ಬೇಡ, ಅದಕ್ಕೆ ಮೇಲಿನವರಿಗೆ ಕೊಟ್ಟು ಮನೆಯಲ್ಲಿ ಯಾರಾದರೂ ಒಬ್ಬರು ಜೊತೆಗೆ ಓದಿರಲಿ. ಕೊನೆಯ ಅಧ್ಯಾಯ ಏನಾಯಿತೆಂದು ಸ್ಪಷ್ಟವಾಗಿ ಹೇಳದೆ ನಿಲ್ಲುತ್ತದೆ ಎಂಬುದು ಎರಡನೆಯ ಮಾತು. ಕೆಲವು ಮಕ್ಕಳು ಇದರಿಂದ ಸಿಟ್ಟಾಗುತ್ತಾರೆ. ಲೌರಿ ನಂತರ ಅದೇ ಲೋಕದ ಮೇಲೆ ಇನ್ನೂ ಮೂರು ಕಾದಂಬರಿ ಬರೆದು ಉತ್ತರವನ್ನೂ ಕೊಟ್ಟಿದ್ದಾರೆ. ನನ್ನ ಮಟ್ಟಿಗೆ ಉತ್ತರ ಕೊಡದಿದ್ದರೇ ಚೆನ್ನಾಗಿತ್ತು. 2014ರ ಚಲನಚಿತ್ರದಲ್ಲಿ ಹನ್ನೆರಡರ ಹುಡುಗನನ್ನು ದೊಡ್ಡವನನ್ನಾಗಿ ಮಾಡಿದ್ದರಿಂದ ಕಥೆಯ ಕೀಲೇ ಸಡಿಲವಾಗಿದೆ, ಅದನ್ನು ಬಿಟ್ಟುಬಿಡಬಹುದು.

ಇವೆರಡೂ ಗಂಭೀರವಾದವು. ಓಟ, ಹೊಡೆದಾಟ, ಆಕಾಶನೌಕೆ ಎಲ್ಲವೂ ಬೇಕೆನ್ನುವ ಮಕ್ಕಳಿಗೆ ಫಿಲಿಪ್ ರೀವ್ ಅವರ 'ಮಾರ್ಟಲ್ ಎಂಜಿನ್ಸ್' ಇದೆ. 2001ರ ಈ ಬ್ರಿಟಿಷ್ ಕಾದಂಬರಿಯ ಮೊದಲ ವಾಕ್ಯದಲ್ಲೇ ಲಂಡನ್ ನಗರ ಬತ್ತಿಹೋದ ಉತ್ತರ ಸಮುದ್ರದ ತಳದ ಮೇಲೆ ಒಂದು ಸಣ್ಣ ಗಣಿ ಊರನ್ನು ಅಟ್ಟಿಸಿಕೊಂಡು ಹೋಗುತ್ತಿರುತ್ತದೆ. ಅರವತ್ತು ನಿಮಿಷದ ಮಹಾಯುದ್ಧವೊಂದು ಭೂಮಿಯನ್ನು ಹಾಳುಗೆಡವಿದ ಸಾವಿರಾರು ವರ್ಷಗಳ ನಂತರದ ಕಾಲ ಅದು. ನಗರಗಳು ಚಕ್ರಗಳ ಮೇಲೆ, ಉಕ್ಕಿನ ಪಟ್ಟಿಗಳ ಮೇಲೆ ಚಲಿಸುತ್ತವೆ, ದೊಡ್ಡ ನಗರ ಸಣ್ಣ ನಗರವನ್ನು ಹಿಡಿದು, ಒಡೆದು, ಅದರ ಕಬ್ಬಿಣವನ್ನು ಕರಗಿಸಿ, ಜನರನ್ನು ದುಡಿಮೆಗೆ ಹಚ್ಚುತ್ತದೆ. ಇದಕ್ಕೆ ನಗರಗಳ ಡಾರ್ವಿನ್ ತತ್ವವೆಂಬ ಘನವಾದ ಹೆಸರೂ ಇದೆ, ಶಾಲೆಯಲ್ಲಿ ಅದನ್ನು ನಿಸರ್ಗದ ನಿಯಮವೆಂದೇ ಕಲಿಸುತ್ತಾರೆ. ಅಕ್ಕಪಕ್ಕದ ಹಳ್ಳಿಗಳನ್ನೆಲ್ಲ ಬಡಾವಣೆ ಮಾಡಿಕೊಂಡ ಬೆಂಗಳೂರಿನ ಓದುಗರು ಇಲ್ಲಿ ಒಂದು ಕ್ಷಣ ನಕ್ಕರೆ ತಪ್ಪೇನಿಲ್ಲ.

ಟಾಮ್ ಎಂಬ ಹದಿನೈದರ ಹುಡುಗ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಮೂರನೆಯ ದರ್ಜೆಯ ಸಹಾಯಕ. ಆ ಸಂಗ್ರಹಾಲಯದಲ್ಲಿ ಕಳೆದುಹೋದ ಅಮೆರಿಕದ ಪ್ರಾಣಿಮುಖದ ದೇವತೆಗಳೆಂದು ಎರಡು ಮೂರ್ತಿಗಳನ್ನು ಇಟ್ಟಿದ್ದಾರೆ, ಒಂದರ ಹೆಸರು ಮಿಕ್ಕಿ, ಇನ್ನೊಂದರ ಹೆಸರು ಪ್ಲೂಟೊ. ಕಾದಂಬರಿಯುದ್ದಕ್ಕೂ ಇಂಥ ಚೇಷ್ಟೆ ಇದೆ. ಆದರೆ ಚೇಷ್ಟೆಯ ಅಡಿಯಲ್ಲಿ ಕಥೆ ಕಠಿಣವಾದದ್ದು. ಟಾಮ್ ಆರಾಧಿಸುವ ಇತಿಹಾಸಕಾರ ವ್ಯಾಲಂಟೈನ್‌ನನ್ನು ಮುಸುಕು ಹಾಕಿಕೊಂಡ ಹುಡುಗಿಯೊಬ್ಬಳು ಇರಿಯಲು ಬರುತ್ತಾಳೆ, ಟಾಮ್ ತಡೆಯುತ್ತಾನೆ, ತಡೆದದ್ದಕ್ಕೆ ಸಿಗುವ ಬಹುಮಾನವೆಂದರೆ ಅದೇ ವ್ಯಾಲಂಟೈನ್ ಅವನನ್ನು ನಗರದಿಂದ ಕೆಳಗೆ ತಳ್ಳುವುದು. ಮುಂದೆ ಚಕ್ರದ ಅಚ್ಚುಗಳಲ್ಲಿ ನೀರು ನಿಂತ ಬರಿನೆಲದ ಮೇಲೆ ಹುಡುಗ ಮತ್ತು ಆ ಹುಡುಗಿ ಹೆಸ್ಟರ್ ನಡೆಯಬೇಕು. ಹೆಸ್ಟರ್‌ಳ ಮುಖ ಹಣೆಯಿಂದ ದವಡೆಯವರೆಗೆ ಸೀಳಿಹೋಗಿದೆ, ಮೂಗು ಜಜ್ಜಿದೆ, ಕಣ್ಣು ಒಂದೇ. ಲೇಖಕ ಇದನ್ನು ಮೃದುಗೊಳಿಸುವುದೂ ಇಲ್ಲ, ಕೊನೆಯಲ್ಲಿ ಮಂತ್ರ ಹಾಕಿ ಸರಿಪಡಿಸುವುದೂ ಇಲ್ಲ. 2018ರ ಚಲನಚಿತ್ರ ಅವಳಿಗೆ ಕೆನ್ನೆಯ ಮೇಲೊಂದು ಗೆರೆ ಎಳೆದು ಮುಗಿಸಿತು. ಆ ಚಿತ್ರ ನೋಡಿ ಪುಸ್ತಕ ಹೀಗೆಯೇ ಇರಬೇಕೆಂದು ತಿಳಿದವರು ದಯವಿಟ್ಟು ಪುಸ್ತಕಕ್ಕೆ ಮತ್ತೊಂದು ಅವಕಾಶ ಕೊಡಬೇಕು.

ಇದರ ಕೊರತೆಯೂ ಇದೆ. ಅಧ್ಯಾಯಗಳು ಚಿಕ್ಕವು, ದೃಶ್ಯದಿಂದ ದೃಶ್ಯಕ್ಕೆ ಹಾರುವ ಭರದಲ್ಲಿ ಪಾತ್ರಗಳ ಒಳಗೆ ಇಳಿಯಲು ಸಮಯವಿಲ್ಲ. ವ್ಯಾಲಂಟೈನ್‌ನ ಮಗಳು ಕ್ಯಾಥರೀನ್ ತಂದೆ ಏನು ಮಾಡುತ್ತಿದ್ದಾನೆಂದು ಪತ್ತೆಹಚ್ಚುವ ಭಾಗ ಮಾತ್ರ ಇದಕ್ಕೆ ಹೊರತು. ಪ್ರೀತಿಸುವ ತಂದೆಯ ತಪ್ಪಿಗೆ ಮಗಳು ತೆರುವ ಬೆಲೆ ಈ ಕಾದಂಬರಿಯ ನಿಜವಾದ ಹೃದಯ. ಕೊನೆಯ ಪುಟಗಳಲ್ಲಿ ಸಾವುಗಳು ಹೆಚ್ಚು, ಸಾಯಬಾರದೆಂದು ನಾವು ಅಂದುಕೊಂಡವರೂ ಸಾಯುತ್ತಾರೆ. ಮಾಲಿಕೆ 2006ರ 'ಎ ಡಾರ್ಕ್ಲಿಂಗ್ ಪ್ಲೇನ್' ಎಂಬ ನಾಲ್ಕನೆಯ ಸಂಪುಟಕ್ಕೆ ಮುಗಿಯುತ್ತದೆ. ಮುಂದೆ ಹೋದಂತೆ ಬೆಳೆಯುವ ಮಾಲಿಕೆಗಳು ಅಪರೂಪ, ಇದು ಅಂಥದ್ದು; ನಾಲ್ಕನ್ನೂ ಕೊಳ್ಳಬಹುದು.

ಫಿಲಿಪ್ ಪುಲ್‌ಮನ್ ಅವರ 'ನಾರ್ದರ್ನ್ ಲೈಟ್ಸ್' ಈ ಪಟ್ಟಿಯಲ್ಲಿ ಅತ್ಯಂತ ದೊಡ್ಡ ಪುಸ್ತಕ, ಗಾತ್ರದಲ್ಲೂ ಆಳದಲ್ಲೂ. 1995ರಲ್ಲಿ ಬಂದ ಇದಕ್ಕೆ ಬ್ರಿಟನ್ನಿನ ಕಾರ್ನೆಗಿ ಪದಕ ದೊರೆಯಿತು. ಆ ಪದಕ ಪಡೆದ ಎಲ್ಲ ಪುಸ್ತಕಗಳಲ್ಲಿ ಶ್ರೇಷ್ಠವಾದದ್ದು ಯಾವುದೆಂದು 2007ರಲ್ಲಿ ಓದುಗರನ್ನು ಕೇಳಿದಾಗ ಅವರು ಆರಿಸಿದ್ದೂ ಇದನ್ನೇ. ಅಮೆರಿಕದ ಮುದ್ರಣದಲ್ಲಿ ಇದರ ಹೆಸರು 'ದಿ ಗೋಲ್ಡನ್ ಕಂಪಾಸ್'. ಎರಡೂ ಒಂದೇ ಪುಸ್ತಕವೆಂಬುದನ್ನು ಕೊಳ್ಳುವವರು ನೆನಪಿಡಬೇಕು. ಇಲ್ಲಿನ ಲೋಕದಲ್ಲಿ ಪ್ರತಿ ಮನುಷ್ಯನ ಜೀವವೂ ಒಂದು ಪ್ರಾಣಿಯ ರೂಪದಲ್ಲಿ ಅವನ ಪಕ್ಕದಲ್ಲೇ ಇರುತ್ತದೆ, ಅವನೊಡನೆ ಮಾತಾಡುತ್ತದೆ. ಮಕ್ಕಳಿಗೆ ಅದು ಕ್ಷಣಕ್ಕೊಂದು ರೂಪ ತಾಳುತ್ತದೆ, ಪ್ರಾಯಕ್ಕೆ ಬಂದ ಮೇಲೆ ಒಂದೇ ರೂಪದಲ್ಲಿ ನೆಲೆ ನಿಲ್ಲುತ್ತದೆ. ಅವೆರಡನ್ನು ದೂರ ಮಾಡಿದರೆ ಇಬ್ಬರಿಗೂ ಸಹಿಸಲಾಗದ ನೋವು. ಈ ಒಂದು ಕಟ್ಟಳೆಯನ್ನು ಪುಲ್‌ಮನ್ ಎಷ್ಟು ಬಿಗಿಯಾಗಿ ಹಿಡಿದಿದ್ದಾರೆಂದರೆ, ಉತ್ತರದ ಹಿಮದ ನಾಡಿನ ಒಂದು ಗುಡಿಸಲಿನಲ್ಲಿ, ತನ್ನ ಪ್ರಾಣಿಯಿಂದ ಕತ್ತರಿಸಲ್ಪಟ್ಟ ಪುಟ್ಟ ಹುಡುಗನೊಬ್ಬ ಒಣಮೀನೊಂದನ್ನು ಎದೆಗವಚಿಕೊಂಡು ಕುಳಿತಿರುವುದನ್ನು ಕಂಡಾಗ, ಯಾರೂ ಏನನ್ನೂ ವಿವರಿಸಬೇಕಾಗುವುದಿಲ್ಲ. ಅದಕ್ಕಿಂತ ಭಯಂಕರವಾದ ಪುಟವನ್ನು ನಾನು ಮಕ್ಕಳ ಸಾಹಿತ್ಯದಲ್ಲಿ ಓದಿಲ್ಲ, ಅಲ್ಲಿ ರಕ್ತದ ಒಂದು ಹನಿಯೂ ಇಲ್ಲ.

ಲೈರಾ ಎಂಬ ಹುಡುಗಿ ಆಕ್ಸ್‌ಫರ್ಡಿನ ಕಾಲೇಜೊಂದರಲ್ಲಿ ವಿದ್ವಾಂಸರ ನಡುವೆ ಪುಂಡಿಯಾಗಿ ಬೆಳೆದವಳು, ಸರಾಗವಾಗಿ ಸುಳ್ಳು ಹೇಳಬಲ್ಲವಳು. ಕಳೆದುಹೋದ ಗೆಳೆಯನನ್ನು ಹುಡುಕುತ್ತಾ ಉತ್ತರಕ್ಕೆ ಹೊರಡುತ್ತಾಳೆ. ದಾರಿಯಲ್ಲಿ ಕವಚ ಕಳೆದುಕೊಂಡು ಹೆಂಡಕ್ಕೆ ಕೂಲಿ ಮಾಡುತ್ತಿರುವ ಹಿಮಕರಡಿಯೊಂದು ಅವಳ ಜೊತೆಗೂಡುತ್ತದೆ. 36 ಚಿತ್ರಗಳಿರುವ, ಕೇಳಿದ್ದಕ್ಕೆ ಸತ್ಯವನ್ನೇ ಹೇಳುವ ಒಂದು ಉಪಕರಣ ಅವಳ ಕೈಯಲ್ಲಿದೆ, ಸುಳ್ಳುಗಾತಿಯ ಕೈಗೆ ಅಂಥ ವಸ್ತುವನ್ನು ಕೊಟ್ಟದ್ದು ಲೇಖಕರ ಜಾಣತನ. ಈ ಮಾಲಿಕೆ ಧರ್ಮಸಂಸ್ಥೆಯ ಅಧಿಕಾರವನ್ನು ನೇರವಾಗಿ ವಿರೋಧಿಸುತ್ತದೆ. ಆ ಕಾರಣಕ್ಕೆ ಅಮೆರಿಕದಲ್ಲಿ ಗದ್ದಲವೂ ಆಯಿತು. ಮನೆಯಲ್ಲಿ ಇಂಥ ಚರ್ಚೆಗೆ ಜಾಗವಿಲ್ಲದಿದ್ದರೆ ಮೊದಲೇ ಯೋಚಿಸುವುದು ಒಳ್ಳೆಯದು. ಮೂರನೆಯ ಸಂಪುಟದಲ್ಲಿ ಈ ವಾದ ಕಥೆಯ ಮೇಲೆ ಭಾರವಾಗಿ ಕೂರುತ್ತದೆ ಎಂಬುದು ನನ್ನ ದೂರು. ಮತ್ತೊಂದು ಮಾತು: 2019ರಲ್ಲಿ ಬಂದ 'ದಿ ಸೀಕ್ರೆಟ್ ಕಾಮನ್‌ವೆಲ್ತ್'ನಲ್ಲಿಯೂ ಇದೇ ಲೈರಾ ಇದ್ದಾಳೆ, ಆದರೆ ಅದು ದೊಡ್ಡವರ ಕಾದಂಬರಿ. ಹದಿಮೂರರ ಮಗುವಿಗೆ ಮುಂದಿನ ಭಾಗವೆಂದು ಕೊಂಡುಕೊಡಬಾರದು.

ಬಹಳ ಜನ ಕೇಳುವ ಇನ್ನೆರಡರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸುಝಾನ್ ಕಾಲಿನ್ಸ್ ಅವರ 2008ರ 'ದಿ ಹಂಗರ್ ಗೇಮ್ಸ್' ಮೊದಲ ಭಾಗ ನಿಜಕ್ಕೂ ಒಳ್ಳೆಯದು, ಹದಿನಾಲ್ಕು ದಾಟಿದವರು ಓದಲಿ. ಮಕ್ಕಳು ಮಕ್ಕಳನ್ನು ಕೊಲ್ಲುವ ಆಟವನ್ನು ಟೀವಿಯಲ್ಲಿ ನೋಡುವವರ ಮೇಲೆ ಅದರ ಸಿಟ್ಟಿದೆ, ಅದನ್ನು ಗಮನಿಸದೆ ಬರಿಯ ರೋಮಾಂಚನಕ್ಕೆ ಓದಿದರೆ ನಾವೂ ಆ ನೋಡುಗರ ಸಾಲಿಗೇ ಸೇರುತ್ತೇವೆ. ರೋಷನಿ ಚೋಕ್ಷಿ ಅವರ 2018ರ 'ಆರು ಶಾ ಅಂಡ್ ದಿ ಎಂಡ್ ಆಫ್ ಟೈಮ್' ಪಾಂಡವರನ್ನು ಇಂದಿನ ಅಮೆರಿಕದ ಹುಡುಗಿಯರನ್ನಾಗಿ ಹುಟ್ಟಿಸಿದೆ. ವಿದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ತಮ್ಮಂಥ ಹೆಸರಿನ ನಾಯಕಿ ಸಿಗುತ್ತಾಳೆ, ತಮಾಷೆಯೂ ಚೆನ್ನಾಗಿದೆ. ಆದರೆ ಅಸ್ತ್ರಗಳು ಸುಲಭವಾಗಿ ದೊರೆಯುತ್ತವೆ, ಪ್ರತಿ ಕಷ್ಟದ ಹೊತ್ತಿಗೂ ಒಂದು ನಗೆಮಾತು ಬಂದು ಬಿಗುವನ್ನು ಇಳಿಸಿಬಿಡುತ್ತದೆ. ಹತ್ತರಿಂದ ಹನ್ನೆರಡರ ಮಕ್ಕಳಿಗೆ ಸರಿ.

ಕನ್ನಡದಲ್ಲಿ ಏನಿದೆ ಎಂದು ಕೇಳುವವರಿಗೆ ಪೂರ್ಣಚಂದ್ರ ತೇಜಸ್ವಿ ಅವರ 1980ರ 'ಕರ್ವಾಲೊ' ಎಂದೇ ಉತ್ತರ. ಅದು ಮಕ್ಕಳಿಗೆಂದು ಬರೆದದ್ದಲ್ಲ, ಅದರಲ್ಲಿ ಮಾಯಾಲೋಕವೂ ಇಲ್ಲ. ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಜೇನುತುಪ್ಪ ಕೊಳ್ಳುವ ಸಣ್ಣ ವ್ಯವಹಾರದಿಂದ ಶುರುವಾಗುವ ಕಥೆ, ಯಾರಿಗೂ ಬೇಡವಾದ ಮಂದಣ್ಣನ ಕಣ್ಣಿಗೆ ಬಿದ್ದ ಒಂದು ಹಾರುವ ಓತಿಯ ಬೆನ್ನುಹತ್ತಿ, ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಬಿರಿಯಾನಿ ಕರಿಯಪ್ಪ ಮತ್ತು ಕಿವಿ ಎಂಬ ನಾಯಿಯ ಸಮೇತ ಪಶ್ಚಿಮ ಘಟ್ಟದ ಕಾಡಿನೊಳಕ್ಕೆ ಹೊರಟುಬಿಡುತ್ತದೆ. ಪುಟಪುಟಕ್ಕೂ ನಗಿಸುತ್ತಲೇ ವಿಕಾಸವಾದದ ಕೋಟ್ಯಂತರ ವರ್ಷಗಳ ಎದುರು ಓದುಗನನ್ನು ನಿಲ್ಲಿಸುವ ಈ ಪುಸ್ತಕ ವೈಜ್ಞಾನಿಕ ಸಾಹಸ ಕಾದಂಬರಿಯೆಂಬ ಹೆಸರಿಗೆ ಮೇಲಿನ ಯಾವುದಕ್ಕಿಂತಲೂ ಹೆಚ್ಚು ಅರ್ಹ. ಇಲ್ಲಿನ ಕಟ್ಟಳೆ ನಿಸರ್ಗದ್ದೇ ಆದ್ದರಿಂದ ಯಾರಿಗೂ ರಿಯಾಯಿತಿಯಿಲ್ಲ. ಕನ್ನಡ ಓದಲು ಬರುವ ಒಂಬತ್ತನೆಯ ತರಗತಿಯ ಮಗುವಿಗೆ ಇದನ್ನು ಕೊಡದಿರಲು ಯಾವ ಕಾರಣವೂ ಇಲ್ಲ. ಇಂಗ್ಲಿಷಿನ ಈ ನಾಲ್ಕಕ್ಕೆ ಸರಿಸಾಟಿಯಾಗಿ, ಹದಿಹರೆಯದವರಿಗೆಂದೇ ಇಷ್ಟು ದೊಡ್ಡ ಕಲ್ಪಿತ ಲೋಕವನ್ನು ಕಟ್ಟಿದ ಕನ್ನಡ ಕಾದಂಬರಿ ಮಾತ್ರ ಇದುವರೆಗೆ ನನ್ನ ಕೈಗೆ ಸಿಕ್ಕಿಲ್ಲ.

ಭಾಷೆಯ ಮಟ್ಟವನ್ನು ನೋಡಿ ಕೊಳ್ಳುವುದು ಮುಖ್ಯ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳಿಗೆ. ಲೌರಿ ಅವರ ಇಂಗ್ಲಿಷ್ ಎಲ್ಲಕ್ಕಿಂತ ಸರಳ, ವಾಕ್ಯಗಳು ಚಿಕ್ಕವು, ನಿಘಂಟಿನ ಗೊಡವೆ ಹೆಚ್ಚಿಲ್ಲ. ಲೆ ಗ್ವಿನ್ ಅವರದ್ದು ಹಾಡುಗಬ್ಬದ ಗತ್ತಿನ ಗದ್ಯ, ಸಂಭಾಷಣೆ ಕಡಿಮೆ. ಮೊದಲ ಅಧ್ಯಾಯವನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಿದರೆ ಲಯ ಸಿಕ್ಕಿಬಿಡುತ್ತದೆ, ಆಮೇಲೆ ಮಗು ತಾನಾಗಿಯೇ ಓದಿಕೊಳ್ಳುತ್ತದೆ. ರೀವ್ ಅವರ ಚೇಷ್ಟೆಗಳಲ್ಲಿ ಅರ್ಧ ಲಂಡನ್ನಿನ ಜಾಗಗಳ ಹೆಸರಿನ ಮೇಲೆ ನಿಂತವು, ಅವು ತಪ್ಪಿಹೋದರೂ ಕಥೆಗೆ ಧಕ್ಕೆಯಿಲ್ಲ. ಪುಲ್‌ಮನ್ ಅವರದ್ದು ಸುಮಾರು ನಾನೂರು ಪುಟ, ಮೊದಲ ಎಪ್ಪತ್ತು ಎಂಬತ್ತು ಪುಟ ನಿಧಾನ. ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಕುದುರಿದ ಮೇಲೆ ಕೊಡುವುದು ಲೇಸು.

ಇವೆಲ್ಲವೂ ಭಾರತದಲ್ಲಿ ಪೇಪರ್‌ಬ್ಯಾಕ್ ರೂಪದಲ್ಲಿ ಸಿಗುತ್ತವೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ರೀವ್ ಮತ್ತು ಪುಲ್‌ಮನ್ ಅವರ ಬಳಸಿದ ಪ್ರತಿಗಳನ್ನು ಹುಡುಕಿ ನೋಡಬಹುದು. ಆನ್‌ಲೈನಿನಲ್ಲಿ ತರಿಸುವವರು ಮಾರಾಟಗಾರ ಯಾರೆಂದು ನೋಡಿಕೊಳ್ಳಬೇಕು, ಏಕೆಂದರೆ ಹೆಸರಾದ ಮಾಲಿಕೆಗಳಿಗೆ ಮಸುಕು ಅಕ್ಷರದ ನಕಲಿ ಮುದ್ರಣಗಳೂ ಓಡಾಡುತ್ತಿವೆ; ಅವುಗಳಲ್ಲಿ ಪುಟಗಳು ಹಿಂದುಮುಂದಾಗಿರುವುದುಂಟು. ಪೂರ್ತಿ ಮಾಲಿಕೆಯ ಬಾಕ್ಸ್ ಸೆಟ್ಟನ್ನು ಮೊದಲೇ ಕೊಳ್ಳಬೇಡಿ. ಒಂದೊಂದು ಮಾಲಿಕೆಯ ಮೊದಲ ಭಾಗವನ್ನಷ್ಟೇ ತಂದಿಟ್ಟು, ಎರಡನೆಯದನ್ನು ಮಗು ಕೇಳಿದ ಮೇಲೆ ತರಿಸಿ. ಒಂದೇ ಪುಸ್ತಕಕ್ಕೆ ಹಣವಿದ್ದರೆ ಹನ್ನೆರಡರ ಮಗುವಿಗೆ ಲೆ ಗ್ವಿನ್, ಓದಿನ ಮೇಲೆ ಆಸಕ್ತಿಯೇ ಇಲ್ಲವೆಂದು ಮನೆಯವರು ದೂರುವ ಮಗುವಿಗೆ ರೀವ್.